ದುಡ್ಡಿಲ್ಲದವನ ಕಾರ್ಡಿನ ಕಟ್ಟು

ಇಸ್ಪೀಟಿನಲ್ಲಿ ಎಲ್ಲರಿಗೂ ಅದೇ 52 ಎಲೆ. ಅಮೆರಿಕದಲ್ಲಿ 1993ರಲ್ಲಿ ಶುರುವಾದ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಟದಲ್ಲಿ ಹಾಗಲ್ಲ, ನಿಮ್ಮ ಕಟ್ಟು ನೀವೇ ತರಬೇಕು. ಪ್ಯಾಕೆಟ್ ಒಡೆದರೆ ಏನು ಸಿಗುತ್ತೋ ಗೊತ್ತಿಲ್ಲ, ಥೇಟ್ ಲಾಟರಿ. ಹಾಗಾದರೆ ದುಡ್ಡಿದ್ದವನೇ ಗೆಲ್ಲಬೇಕಾ?

ಬೇಡ ಅನ್ನೋರಿಗೆ ‘ಪಾಪರ್’ ಅಂತ ಒಂದು ಬಗೆಯ ಆಟ ಇದೆ. ‘ಕಾಮನ್’ ಅಂತ ಬಂದ ಕಾರ್ಡುಗಳಷ್ಟೇ ಇಲ್ಲಿ ನಡೆಯೋದು. ನನಗಂತೂ ಇದೇ ಅಸಲಿ ಆಟ ಅನಿಸುತ್ತದೆ.

ಇದರಲ್ಲಿ ‘ಗೋಡೆ’ ಕಟ್ಟು ನೋಡಿ. ಗೋಡೆ ಕಾರ್ಡು ದಾಳಿ ಮಾಡುವಂತಿಲ್ಲ, ಬರೀ ತಡೀಬೇಕು. ಆದರೆ ‘ಆಕ್ಸ್‌ಬೇನ್ ಗಾರ್ಡಿಯನ್’ ಇದ್ದರೆ ಎಷ್ಟು ಗೋಡೆಯೋ ಅಷ್ಟು ಮಾನಾ (ಆಟದೊಳಗಿನ ದುಡ್ಡು ಅಂದ್ಕೊಳ್ಳಿ). ಅದಕ್ಕೆ ‘ಫ್ರೀಡ್ ಫ್ರಂ ದ ರಿಯಲ್’ ಜೋಡಿಸಿದರೆ, ಎರಡೇ ಗೋಡೆಯಿದ್ದರೂ ಮಾನಾ ಮುಗಿಯೋದೇ ಇಲ್ಲ!

ಕೇಳೋಕೆ ಚಂದ. ಆದರೆ 60 ಕಾರ್ಡಿನ ಕಟ್ಟಲ್ಲಿ ಇಂಥದ್ದನ್ನ ನಾಲ್ಕೇ ಇಡಬಹುದು. ಮೊದಲ 7 ಕಾರ್ಡಲ್ಲಿ ಒಂದಾದರೂ ಬರೋದು 100ಕ್ಕೆ ಸುಮಾರು 40 ಸಲ. ಅದಕ್ಕೇ ಕೊಳ್ಳೋ ಮೊದಲು ನೋಟ್‌ಬುಕ್ ಹಾಳೆ ಹರಿದು, ಕಾರ್ಡಿನ ಹೆಸರು ಬರೆದು, ಕಲಸಿ ಇಪ್ಪತ್ತು ಆಟ ಆಡಿ. ಸೋತಾಗ ಕೈಯಲ್ಲಿ ಯಾವ ಕಾರ್ಡು ಉಳಿದಿತ್ತು ಅಂತ ಬರೆದಿಡಿ. ಪದೇ ಪದೇ ಉಳಿಯೋದನ್ನ, ಎಷ್ಟೇ ಇಷ್ಟವಿದ್ದರೂ, ಕಿತ್ತುಹಾಕಿ.