ಆಡುವ ಮುನ್ನವೇ ಪಟ್ಟ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ತರವಲ್ಲವೆಂದು ನಮ್ಮ ಹಿರಿಯರು ನಕ್ಕರು. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಈ ಕುಲಾವಿ ಪ್ರತಿವರ್ಷವೂ ಸಿದ್ಧವಾಗುತ್ತದೆ. ಅಲ್ಲಿನ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯು 1950ರಿಂದ ಪತ್ರಕರ್ತರ ಮತ ಪಡೆದು, ಮೊದಲ ಪಂದ್ಯಕ್ಕೂ ಮುನ್ನವೇ ತಂಡಗಳಿಗೆ ಸ್ಥಾನ ಹಂಚುತ್ತ ಬಂದಿದೆ. ಕಾಲೇಜುಗಳ ಒಕ್ಕೂಟಗಳಲ್ಲಿಯೂ ಮೇಲುಕೀಳುಗಳುಂಟು.

ಈ ಹಿರಿಮೆ ಸಲ್ಲತಕ್ಕದ್ದೇ? ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾನಿಲಯದ ತಂಡವನ್ನೇ ನೋಡೋಣ. 2023ರಲ್ಲಿ ಅದು ಆಯ್ಕೆಯ ದಿನದವರೆಗಿನ 13 ಪಂದ್ಯಗಳನ್ನೂ ಗೆದ್ದು ತನ್ನ ಒಕ್ಕೂಟದ ಪ್ರಶಸ್ತಿ ಪಡೆದಿತ್ತು. ಆದರೂ ಅಂತಿಮ ಹಂತದ 4 ತಂಡಗಳಲ್ಲಿ ಅದಕ್ಕೆ ಎಡೆ ದೊರೆಯಲಿಲ್ಲ. ಮುಖ್ಯ ಆಟಗಾರನೊಬ್ಬ ಗಾಯಗೊಂಡುದೇ ಕಾರಣವೆಂದಿತು ಆಯ್ಕೆ ಸಮಿತಿ. ಒಂದು ಪಂದ್ಯ ಸೋತಿದ್ದರೂ, ಪ್ರಬಲವೆಂದು ಹೆಸರಾದ ಆಗ್ನೇಯ ಒಕ್ಕೂಟದ ಅಲಬಾಮ ತಂಡ ಒಳಹೊಕ್ಕಿತು. ಮರುವರ್ಷ ಅದೇ ಫ್ಲಾರಿಡಾ ತಂಡಕ್ಕೆ ಆಡುವ ಮುನ್ನವೇ 10ನೆಯ ಸ್ಥಾನ ಸಂದಿತು. ಅದು ಗೆದ್ದುದು ಮಾತ್ರ 12ರಲ್ಲಿ ಎರಡೇ ಪಂದ್ಯ!

ಬಲಿಷ್ಠರೊಡನೆ ಸೆಣಸಿ ಸೋತವನು ದುರ್ಬಲರನ್ನು ಗೆದ್ದವನಿಗಿಂತ ಮೇಲಾಗಿರಬಹುದು, ನಿಜ. ಆದರೆ ಎದುರಾಳಿಯ ಆ ಬಲವೂ ಆ ವರ್ಷದ ಅಂಗಳದಲ್ಲಿಯೇ ಸಿದ್ಧಪಡಬೇಕು. ಕೀರ್ತಿಯು ನಿನ್ನೆ ಆಡಿದವರ ಗಳಿಕೆ. ಅದನ್ನು ಇಂದು ಆಡುವವರಿಗೆ ಸಾಲ ಕೊಡಲಾಗದು. ತಿಂಗಳುಗಟ್ಟಲೆ ಬೆವರು ಸುರಿಸಿದ ವಿದ್ಯಾರ್ಥಿಗೆ ಅವನ ಆಟದಿಂದಲೇ ಬೆಲೆ ಕಟ್ಟುವುದು ನ್ಯಾಯ, ಊರಹೆಸರಿನಿಂದ ಅಲ್ಲ.