ಗುಡೇಕೋಟೆಯ ಮಗಳು, ದುರ್ಗದ ಸೊಸೆ

ಪ್ರತಿ ನವೆಂಬರ್ 11ರಂದು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಒನಕೆ ಓಬವ್ವನ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಸರ್ಕಾರ ಈ ಜಯಂತಿಯನ್ನು ಆರಂಭಿಸಿದ್ದು 2021ರಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದ್ದೂ ಅದೇ ವರ್ಷ. ಅಂದಿನಿಂದ ಹಲವು ನವೆಂಬರ್‌ಗಳು ಕಳೆದಿವೆ. ಹಾರ ಹಾಕಿದ ನಾವು ಆ ಹೆಣ್ಣುಮಗಳ ಬಾಳನ್ನು ಎಷ್ಟು ಅರಿತೆವು ಎಂದು ಕೇಳಿಕೊಳ್ಳುವ ಹೊತ್ತು ಬಂದಿದೆ.

ಓಬವ್ವನ ತವರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಎಂಬುದು ಜನ ತಲೆಮಾರಿನಿಂದ ಹೇಳಿಕೊಂಡು ಬಂದ ಮಾತು. ಕರಡಿಗಳು ಓಡಾಡುವ ಆ ಬಂಡೆಗುಡ್ಡಗಳ ಊರಿನಿಂದ ಅವಳು ಚಿತ್ರದುರ್ಗಕ್ಕೆ ಸೊಸೆಯಾಗಿ ಹೋದಳು. ಛಲವಾದಿ ಸಮುದಾಯದವಳು, ಕೋಟೆಯ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದಾಗ ನೀರು ತರಲು ಹೋದವಳಿಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರು ಕಂಡರು. ನುಸುಳಿ ಬಂದವರನ್ನು ಅವಳು ಒನಕೆಯಿಂದ ಹೊಡೆದುರುಳಿಸಿದ್ದು ಎಲ್ಲರಿಗೂ ಗೊತ್ತು. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಅದನ್ನು ನಾಡಿನ ಕಣ್ಣಮುಂದೆ ನಿಲ್ಲಿಸಿದರು. ಆದರೆ ಗಂಡ ಅರ್ಧ ಉಂಡ ತಟ್ಟೆ, ಕೈಯಲ್ಲಿದ್ದ ಕೊಡ, ಭತ್ತ ಕುಟ್ಟುವ ಒನಕೆ: ಆ ದಿನದ ಸಾಮಾನುಗಳೆಲ್ಲ ಅಡುಗೆಮನೆಯವೇ. ಸೈನಿಕನ ಮನೆ ಹೆಂಡತಿಯ ದುಡಿಮೆಯ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇವತ್ತಿಗೂ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಯೋಧರ ಕೈಹಿಡಿದು ಪಠಾಣ್‌ಕೋಟ್‌ಗೋ ಜಬಲ್‌ಪುರಕ್ಕೋ ಹೋಗುತ್ತಾರೆ. ಚೀಲದ ತಳದಲ್ಲಿ ಜೋಳದ ಹಿಟ್ಟು, ಮೇಲೆ ಶೇಂಗಾ ಚಟ್ನಿಪುಡಿ. ಕ್ಯಾಂಟೀನಿನ ಸಾಲಿನಲ್ಲಿ ನಿಂತು ಹಿಂದಿ ಕಲಿಯುತ್ತಾರೆ. ಎರಡು-ಮೂರು ವರ್ಷಕ್ಕೆ ಮತ್ತೆ ವರ್ಗ, ಮತ್ತೆ ಗಂಟುಮೂಟೆ. ಗಂಡ ಗಡಿಗೆ ಹೋದರೆ ಮಕ್ಕಳೊಂದಿಗೆ ಅತ್ತೆಮನೆಗೋ ತವರಿಗೋ ವಾಪಸು.

ಇದು ನಮ್ಮೊಬ್ಬರ ಕತೆಯಲ್ಲ. 1950–53ರ ಕೊರಿಯಾ ಯುದ್ಧದಿಂದ 1989ರವರೆಗೆ ಸುಮಾರು 1 ಲಕ್ಷ ಕೊರಿಯನ್ ಹೆಂಗಸರು ಅಮೆರಿಕದ ಸೈನಿಕರ ಹೆಂಡತಿಯರಾಗಿ ಕಡಲು ದಾಟಿದರು. 1965ರ ವಲಸೆ ಕಾನೂನಿನ ನಂತರ ಒಡಹುಟ್ಟಿದವರನ್ನು ಅಲ್ಲಿಗೆ ಕರೆಸಿಕೊಂಡು ನೆಲೆ ಒದಗಿಸಿದವರಲ್ಲಿ ಅವರೂ ಇದ್ದರು. ಆದರೂ ಬಹುಕಾಲ ತಮ್ಮವರೇ ಅವರನ್ನು ಕೀಳಾಗಿ ಕಂಡರು. ಆ ಯುದ್ಧದ ಕೈದಿಗಳ ವಿಚಾರಕ್ಕೆ 1953ರಲ್ಲಿ ರಚನೆಯಾದ ತಟಸ್ಥ ಆಯೋಗದ ಅಧ್ಯಕ್ಷರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರು ನಮಗೆ ಗೊತ್ತು. ಆ ಯುದ್ಧ ಊರು ಬಿಡಿಸಿದ ಹೆಂಗಸರ ಹೆಸರು ಗೊತ್ತಿಲ್ಲ.

ನಮ್ಮ ಯೋಧರ ಹೆಂಡತಿಯರಿಗೆ ಗಳಿಕೆ ಇಲ್ಲವೆಂದಲ್ಲ. ಶೌರ್ಯಪ್ರಶಸ್ತಿ ಪಡೆದ ಯೋಧನ ವಿಧವೆ ಮೈದುನನನ್ನು ಬಿಟ್ಟು ಬೇರೆಯವರನ್ನು ಮದುವೆಯಾದರೆ ಪ್ರಶಸ್ತಿಯ ಭತ್ಯೆ ನಿಲ್ಲುತ್ತಿತ್ತು. ಆ ಅನ್ಯಾಯದ ಷರತ್ತನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ತೆಗೆದುಹಾಕಿತು.

ಉಳಿದಿರುವ ಕಷ್ಟ ಕಾಗದದ್ದು. ಮದುವೆಯೂ ಮಕ್ಕಳ ಜನನವೂ ಸೇನೆಯ ‘ಪಾರ್ಟ್ ಟೂ ಆರ್ಡರ್’ನಲ್ಲಿ ದಾಖಲಾಗಬೇಕು. ಆಧಾರ್‌ನಲ್ಲಿ ಹನುಮವ್ವ, ಸೇನೆಯ ದಾಖಲೆಯಲ್ಲಿ ಹನುಮಕ್ಕ ಎಂದಿದ್ದರೆ ಸಾಕು, ಗಂಡನನ್ನು ಕಳೆದುಕೊಂಡವಳಿಗೆ ಕುಟುಂಬ ಪಿಂಚಣಿಗಾಗಿ ಅಲೆದಾಟ ಶುರು. ಇಡೀ ದೇಶ ಸುತ್ತಿ ಬಂದ ಹೆಂಗಸು ಒಂದು ಅಕ್ಷರಕ್ಕಾಗಿ ಕಚೇರಿಯ ಬಾಗಿಲಲ್ಲಿ ಕೂರುತ್ತಾಳೆ. ಇದು ನಾಚಿಕೆಯ ಸಂಗತಿ.

ಆದ್ದರಿಂದ ಐದೂ ತಾಲ್ಲೂಕುಗಳ ಆಡಳಿತಕ್ಕೆ ನಮ್ಮದೊಂದು ಮನವಿ. ಮುಂದಿನ ನವೆಂಬರ್ 11ರಂದು ಹಾರ, ಭಾಷಣದ ಜೊತೆಗೆ ಒಂದು ಮೇಜು ಹಾಕಿ. ಯೋಧರ ಹೆಂಡತಿಯರನ್ನು, ವಿಧವೆಯರನ್ನು, ತಾಯಂದಿರನ್ನು ಕರೆಸಿ, ಅವರ ದಾಖಲೆಗಳ ಹೆಸರು ತಾಳೆ ನೋಡಿ, ತಿದ್ದುಪಡಿಯ ಅರ್ಜಿಗಳನ್ನು ಅಲ್ಲೇ ಬರೆಸಿಕೊಳ್ಳಿ. ಗುಡೇಕೋಟೆಯ ಮಗಳಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅದು.