ಮಂಜಿನ ಮುಂಜಾವಿಗೆ ಬೇರೆ ವೇಗಮಿತಿ ಬೇಕು

ನಮ್ಮ ಕುಷಾಯಿಗೂಡದಲ್ಲಿ ಹಿಮ ಬೀಳುವುದಿಲ್ಲ. ಆದರೆ ಚಳಿಗಾಲದ ಕೆಲವು ಮುಂಜಾವುಗಳಲ್ಲಿ ಘಟಕೇಸರದ ಬಳಿಯ ಹೊರವರ್ತುಲ ರಸ್ತೆ ಮಂಜಿನಲ್ಲಿ ಮುಳುಗುತ್ತದೆ. ಅಲ್ಲಿ ವೇಗದ ಲೇನಿನಲ್ಲಿ ಕಾರುಗಳಿಗೆ ಗಂಟೆಗೆ 120 ಕಿ.ಮೀ. ಮಿತಿ, ಅಂದರೆ ಸೆಕೆಂಡಿಗೆ 33 ಮೀಟರ್. ಐವತ್ತೇ ಮೀಟರ್ ಕಾಣುವಾಗ, ನಿಂತ ಲಾರಿಯೊಂದು ಕಣ್ಣಿಗೆ ಬಿದ್ದ ಒಂದೂವರೆ ಸೆಕೆಂಡಿನಲ್ಲಿ ಅದರ ಬೆನ್ನಿಗೆ ತಲುಪಿರುತ್ತೇವೆ. ಬ್ರೇಕಿಗೆ ಆಸ್ಪದವೇ ಇರುವುದಿಲ್ಲ.

ಹೈಬೀಮ್ ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ. ಲೋಬೀಮ್, ಫಾಗ್ ಲ್ಯಾಂಪ್‌ಗಳೇ ಮೇಲು. ಆದರೆ ಎಲ್ಲವನ್ನೂ ಚಾಲಕನ ವಿವೇಕಕ್ಕೇ ಬಿಡುವುದು ಸರಿಯಲ್ಲ. ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲಕ್ಕೆಂದೇ ವೇಗಮಿತಿಯನ್ನು ಇಳಿಸುತ್ತಾರೆ. ಇಲ್ಲಿಯೂ ಮಂಜು ಕವಿದ ದಿನ ಫಲಕದ ಅಂಕಿ ಇಳಿಯಬೇಕು. ಅಲ್ಲಿಯವರೆಗೆ, ಕಾಣುವಷ್ಟು ದೂರದೊಳಗೆ ವಾಹನವನ್ನು ನಿಲ್ಲಿಸಬಲ್ಲ ವೇಗವನ್ನೇ ನಾವು ಮಿತಿಯೆಂದು ಎಣಿಸಬೇಕು.